ಎಡ ಕೆನ್ನೆಗೆ ವಯಸ್ಸಾಗಿದೆ, ಬಲ ಕೆನ್ನೆಗೆ ಆಗಿಲ್ಲ. ಇದು ಬಿಸಿಲಿನ ಕೆಲಸವಾ?

ಕಿಟಕಿಪಕ್ಕ:
ಎಲ್ಲರಿಗೂ ನಮಸ್ಕಾರ. ನನಗೀಗ 43 ವರ್ಷ. ಹನ್ನೊಂದು ವರ್ಷದಿಂದ ಆಫೀಸಿನಲ್ಲಿ ಒಂದೇ ಕುರ್ಚಿ, ಒಂದೇ ಮೇಜು. ಎಡಗಡೆ ಆಳೆತ್ತರದ ಗಾಜಿನ ಕಿಟಕಿ. ಮಧ್ಯಾಹ್ನವಾದರೆ ಬಿಸಿಲು ಸೀದಾ ಮುಖದ ಮೇಲೆ. ಮೊನ್ನೆ ಗುರುತಿನ ಚೀಟಿಗೆ ಫೋಟೋ ತೆಗೆಸಿದೆ. ನೋಡಿದರೆ ಎಡಗಣ್ಣಿನ ಪಕ್ಕದಲ್ಲಿ ಗೆರೆಗಳು ಆಳವಾಗಿವೆ, ಕೆನ್ನೆಯ ಮೂಳೆ ಮೇಲೆ ಕಂದು ಚುಕ್ಕೆಗಳಿವೆ. ಬಲಗಡೆ ಅಷ್ಟಿಲ್ಲ. ಲೈಟ್ ಸರಿಯಾಗಿ ಬಿದ್ದಿಲ್ಲ ಅಂದುಕೊಂಡು ಮನೆಗೆ ಬಂದು ಕನ್ನಡಿ ಮುಂದೆ ನಿಂತೆ. ಲೈಟಿನ ತಪ್ಪೇನೂ ಇರಲಿಲ್ಲ.

ನಾನು ಬಿಸಿಲಲ್ಲಿ ಅಲೆಯುವವಳಲ್ಲ. ದಿನಾ ಸನ್‌ಸ್ಕ್ರೀನ್ ಹಚ್ಚುತ್ತೇನೆ, ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ನಂಬರ್) 50. ಆದರೂ ಹೀಗಾಗಿದೆ ಅಂದರೆ ಬ್ರಾಂಡ್ ಸರಿ ಇಲ್ಲ ಅಂತಲೇ ಅಲ್ವಾ? ಯಾವುದು ಒಳ್ಳೆಯದು, ಹೇಳಿ.

ತಲೆಹರಟೆ:
ಅಕ್ಕ, ಮೇಜನ್ನು ಹಿಂದೆಮುಂದೆ ತಿರುಗಿಸಿ ಇನ್ನೊಂದು ಹನ್ನೊಂದು ವರ್ಷ ಕೂತುಬಿಡಿ. ಎರಡೂ ಕಡೆ ಸಮ ಆಗುತ್ತದೆ.

ನೆರಳುಬೆಕ್ಕು:
ತಲೆಹರಟೆ ಹೇಳಿದ್ದು ತಮಾಷೆಗೇ ಇರಬಹುದು, ಆದರೆ ವಿಷಯ ಅಲ್ಲೇ ಇದೆ. ನಾನು ಚರ್ಮದ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಒಂದೇ ಕಡೆ ಹೀಗಾದವರನ್ನು ಆಗಾಗ ನೋಡುತ್ತಿರುತ್ತೇನೆ. ಹೆಚ್ಚಿನವರು ಗಾಡಿ ಓಡಿಸುವವರು, ಇಲ್ಲವೇ ನಿಮ್ಮ ಹಾಗೆ ಕಿಟಕಿ ಪಕ್ಕ ಕೂರುವವರು.

ಬಿಸಿಲಿನಲ್ಲಿ ನಮಗೆ ತೊಂದರೆ ಕೊಡುವ, ಕಣ್ಣಿಗೆ ಕಾಣದ ಯುವಿ (ಅತಿನೇರಳೆ) ಕಿರಣಗಳು ಮುಖ್ಯವಾಗಿ ಎರಡು. ಯುವಿಬಿ ಮೇಲಿನ ಪದರವನ್ನು ಸುಡುತ್ತದೆ. ಚರ್ಮ ಕೆಂಪಾಗಿ, ಚುರುಗುಟ್ಟಿ, ಆಮೇಲೆ ಸಿಪ್ಪೆ ಏಳುತ್ತದಲ್ಲ, ಅದು ಬಹುಪಾಲು ಇದರ ಕೆಲಸ. ಯುವಿಎ ಸದ್ದಿಲ್ಲದ್ದು. ಉರಿಯೂ ಇಲ್ಲ, ಕೆಂಪೂ ಇಲ್ಲ. ಆದರೆ ಅದು ಆಳಕ್ಕೆ ಇಳಿಯುತ್ತದೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಎಳೆಗಳು ಇರುವುದೇ ಆ ಆಳದಲ್ಲಿ. ಕಿರಣ ಬಿದ್ದಾಗ ಚರ್ಮವೇ ಕೆಲವು ಕಿಣ್ವಗಳನ್ನು ಹುಟ್ಟಿಸುತ್ತದೆ, ಅವು ಈ ಎಳೆಗಳನ್ನು ತುಂಡು ಮಾಡುತ್ತವೆ. ಚರ್ಮ ರಿಪೇರಿ ಮಾಡಿಕೊಳ್ಳುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ದಿನಕ್ಕೆ ಇಷ್ಟಿಷ್ಟೇ ಬಾಕಿ ಉಳಿಯುತ್ತದೆ. ಆ ಬಾಕಿಯೇ ಸುಕ್ಕು. ನೆಲ ತಲುಪುವ ಯುವಿಯಲ್ಲಿ ನೂರಕ್ಕೆ ಸುಮಾರು 95 ಭಾಗ ಈ ಯುವಿಎ.

ಇನ್ನು ಗಾಜು. ಮಾಮೂಲಿ ಕಿಟಕಿ ಗಾಜು ಯುವಿಬಿಯನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತದೆ. ಯುವಿಎ ಬಹಳಷ್ಟು ಒಳಗೆ ಬರುತ್ತದೆ. ಹಾಗಾಗಿ ಕಿಟಕಿ ಪಕ್ಕ ಕೂತರೆ ಮೈ ಸುಡುವುದಿಲ್ಲ, ಏನೂ ಆಗುತ್ತಿಲ್ಲ ಅನ್ನಿಸುತ್ತದೆ. 2012ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 69 ವರ್ಷದ ಒಬ್ಬ ಲಾರಿ ಚಾಲಕರ ಫೋಟೋ ಬಂದಿತ್ತು. 28 ವರ್ಷ ಗಾಡಿ ಓಡಿಸಿದವರು. ಕಿಟಕಿಯ ಕಡೆಯ ಅರ್ಧ ಮುಖ ದಪ್ಪಗಟ್ಟಿ, ಜೋತುಬಿದ್ದು, ಉತ್ತ ನೆಲದ ಹಾಗಿದೆ. ಇನ್ನರ್ಧ ಅವರ ತಮ್ಮನ ಮುಖ ಅನ್ನಬೇಕು ಹಾಗಿದೆ. ನಮ್ಮಲ್ಲಿ ಹೊಸದಾಗಿ ಕಲಿಯಲು ಬಂದವರಿಗೆಲ್ಲ ಮೊದಲು ತೋರಿಸುವ ಚಿತ್ರ ಅದು.

ಒಂದು ಸಣ್ಣ ಪರೀಕ್ಷೆ ಮಾಡಿ. ವಾಚ್ ಕಟ್ಟುವ ಅಭ್ಯಾಸ ಇದ್ದರೆ ಬಿಚ್ಚಿ ಮಣಿಕಟ್ಟು ನೋಡಿ.

ಕಿಟಕಿಪಕ್ಕ:
ವಾಚ್ ಬಿಚ್ಚಿ ನೋಡಿದೆ. ಇಪ್ಪತ್ತು ವರ್ಷದಿಂದ ಎಡಗೈಗೇ ಕಟ್ಟುತ್ತಿದ್ದೇನೆ. ಪಟ್ಟಿಯ ಕೆಳಗೆ ಎರಡು ಬೆರಳಗಲ ಚರ್ಮ ನುಣುಪಾಗಿದೆ, ಒಂದೇ ಬಣ್ಣ, ಒಂದು ಚುಕ್ಕೆಯೂ ಇಲ್ಲ. ಅದರ ಅಂಚು ದಾಟಿದ ಕೂಡಲೇ ಸಣ್ಣ ಸಣ್ಣ ಚೌಕದ ಹಾಗೆ ಗೆರೆಗಳು, ಕಂದು ಕಲೆಗಳು. ಚಿವುಟಿ ಬಿಟ್ಟರೆ ವಾಚ್ ಜಾಗದ್ದು ಪಟ್ಟನೆ ಕೂರುತ್ತದೆ, ಮುಂಗೈಯದ್ದು ನಿಧಾನವಾಗಿ ಇಳಿಯುತ್ತದೆ. ಎರಡಕ್ಕೂ 43 ವರ್ಷವೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅನ್ನುತ್ತಾರಲ್ಲ, ಹಾಗಾಯಿತು. ಸುಮ್ನೆ ಹತ್ತು ನಿಮಿಷ ಕೈ ನೋಡಿಕೊಂಡು ಕೂತಿದ್ದೆ.

ಆದರೆ ನನ್ನ ಪ್ರಶ್ನೆ ಅಲ್ಲೇ ಇದೆ. ಸನ್‌ಸ್ಕ್ರೀನ್ ಹಚ್ಚುತ್ತಿದ್ದೇನಲ್ಲ?

ಲೆಕ್ಕದಮೇಷ್ಟ್ರು:
ಎರಡು ಪ್ರಶ್ನೆ ಕೇಳುತ್ತೇನೆ, ಬ್ರಾಂಡ್ ಆಮೇಲೆ. ಟ್ಯೂಬ್ ಎಷ್ಟು ಗ್ರಾಂನದು? ತಂದು ಎಷ್ಟು ದಿನ ಆಯಿತು, ಎಷ್ಟು ಉಳಿದಿದೆ?

ಕಿಟಕಿಪಕ್ಕ:
50 ಗ್ರಾಂ. ಎಂಟು ತಿಂಗಳಾಯಿತು. ಅರ್ಧ ಇದೆ. ನಾನು ಯಾವುದನ್ನೂ ಪೋಲು ಮಾಡುವವಳಲ್ಲ.

ಲೆಕ್ಕದಮೇಷ್ಟ್ರು:
ಸಿಕ್ಕಿಬಿದ್ದಿರಿ. ಎಸ್‌ಪಿಎಫ್ ನಂಬರ್ ಕೊಡುವ ಮುಂಚೆ ಲ್ಯಾಬಿನಲ್ಲಿ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಲೆಕ್ಕದಲ್ಲಿ ಹಚ್ಚಿ ಅಳೆಯುತ್ತಾರೆ. ಮುಖ, ಕುತ್ತಿಗೆ ಸೇರಿ ಸುಮಾರು 600 ಚದರ ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. 1200 ಮಿಲಿಗ್ರಾಂ, ಅಂದರೆ ಒಂದು ಸಲಕ್ಕೆ 1.2 ಗ್ರಾಂ ಬೇಕು. ನೀವು 240 ದಿನಕ್ಕೆ 25 ಗ್ರಾಂ ಬಳಸಿದ್ದೀರಿ. ದಿನಕ್ಕೆ 0.1 ಗ್ರಾಂ. ಬೇಕಾದ್ದರಲ್ಲಿ ಹನ್ನೆರಡರಲ್ಲಿ ಒಂದು ಭಾಗ.

ಟ್ಯೂಬ್ ಮೇಲೆ 50 ಅಂತ ಇದೆ ನಿಜ, ನಿಮ್ಮ ಕೆನ್ನೆ ಮೇಲೆ 50 ಇಲ್ಲ. ಎಷ್ಟಿದೆ ಅಂತ ನಾನು ಹೇಳಲಾರೆ, ಆದರೆ ಹೇಳಿಕೊಳ್ಳುವಷ್ಟಿಲ್ಲ. ಬಹಳ ಜನ ಹೀಗೇ ಮಾಡುತ್ತಾರೆ. ಬೇಕಾದ್ದರಲ್ಲಿ ಕಾಲು ಭಾಗದಿಂದ ಅರ್ಧ ಹಚ್ಚಿದರೆ ಹೆಚ್ಚು.

ಇನ್ನೊಂದು ಲೆಕ್ಕ. ಸರಿಯಾಗಿ ಹಚ್ಚಿದಾಗ ಎಸ್‌ಪಿಎಫ್ 15 ಸುಡುವ ಕಿರಣಗಳಲ್ಲಿ ನೂರಕ್ಕೆ ಸುಮಾರು 93 ಭಾಗ ತಡೆಯುತ್ತದೆ. 30 ಆದರೆ 97. 50 ಆದರೆ 98. ನೀವು 30 ಒಳ್ಳೆಯದಾ 50 ಒಳ್ಳೆಯದಾ ಅಂತ ತಲೆ ಕೆಡಿಸಿಕೊಂಡಿದ್ದರೆ ಆ ಜಗಳ ಒಂದು ಭಾಗದ್ದು. ಎಷ್ಟು ಹಚ್ಚುತ್ತೀರಿ ಅನ್ನುವುದು ಹನ್ನೆರಡು ಪಾಲಿನದು.

ದಿನಾ ಅಳೆಯಲು ತಕ್ಕಡಿ ಬೇಡ. ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಹಿಂಡಿ. ಮುಖ ಮತ್ತು ಕುತ್ತಿಗೆಗೆ ಅಷ್ಟು.

ಕಿಟಕಿಪಕ್ಕ:
ಎರಡು ಬೆರಳು ತುಂಬಾನಾ! ನಾನು ಕಡಲೆಕಾಳಿನಷ್ಟು ತೆಗೆದುಕೊಂಡು ಕೈಗೂ ಸವರಿಕೊಳ್ಳುತ್ತಿದ್ದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಹನ್ನೊಂದು ವರ್ಷ. ಇವತ್ತು ಅಷ್ಟು ಹಚ್ಚಿ ನೋಡಿದೆ ಮೇಷ್ಟ್ರೇ, ಸುಣ್ಣ ಹೊಡೆದ ಗೋಡೆ ಆದೆ. ಹೊರಗೆ ಹೋಗಲಿಕ್ಕಾಗುವುದಿಲ್ಲ.

ನೆರಳುಬೆಕ್ಕು:
ಬಿಳಿ ಕೂರುವುದು ಸಾಮಾನ್ಯವಾಗಿ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿಗಳು ಇರುವವುಗಳಲ್ಲಿ. ಅವು ಕೆಟ್ಟವಲ್ಲ, ಸೂಕ್ಷ್ಮ ಚರ್ಮದವರಿಗೆ ಅವೇ ಒಗ್ಗುತ್ತವೆ. ನಿಮ್ಮ ಬಣ್ಣಕ್ಕೆ ಹೊಂದದಿದ್ದರೆ ಬೇರೆ ಥರದ್ದು ನೋಡಿ. ಎರಡು ಬೆರಳನ್ನೂ ಒಟ್ಟಿಗೆ ಬಳಿಯಬೇಡಿ. ಮೊದಲು ಒಂದು ಬೆರಳು ಹಚ್ಚಿ, ಎರಡು ನಿಮಿಷ ಬಿಟ್ಟು ಇನ್ನೊಂದು. ದಿನಾ ಎರಡು ಬೆರಳು ಹಚ್ಚಲು ಬೇಸರವಾಗದ ಕ್ರೀಮ್ ಯಾವುದೋ ಅದೇ ನಿಮಗೆ ಒಳ್ಳೆಯ ಬ್ರಾಂಡ್. ಇದನ್ನು ಹೇಳಿದರೆ ಜನಕ್ಕೆ ನಿರಾಸೆ ಆಗುತ್ತದೆ, ಏನು ಮಾಡುವುದು.

ಆದರೆ ಒಂದು ನೋಡಲೇಬೇಕು. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಸುಡುವ ಯುವಿಬಿ ಬಗ್ಗೆ. ನಿಮ್ಮ ತೊಂದರೆ ಯುವಿಎ. ಅದಕ್ಕೆ ಟ್ಯೂಬ್ ಮೇಲೆ ಪಿಎ ಅಂತ ಬರೆದು ಮುಂದೆ ಪ್ಲಸ್ ಗುರುತು ಇರುತ್ತದೆ, ಒಂದರಿಂದ ನಾಲ್ಕರವರೆಗೆ. ಜಪಾನಿನಲ್ಲಿ ಶುರುವಾದ ಪದ್ಧತಿ ಅದು. ಮೂರು ಅಥವಾ ನಾಲ್ಕು ಪ್ಲಸ್ ಇರುವುದು ತಗೊಳ್ಳಿ. ಇಲ್ಲದಿದ್ದರೆ ಬ್ರಾಡ್ ಸ್ಪೆಕ್ಟ್ರಮ್ (ಎರಡೂ ಬಗೆಯ ಕಿರಣ ತಡೆಯುವುದು) ಅಂತ ಇರಬೇಕು, ಇಲ್ಲವೇ ವೃತ್ತದೊಳಗೆ ಯುವಿಎ ಅಂತ. ನಿಮ್ಮದರಲ್ಲಿ ಏನಿದೆ?

ಕಿಟಕಿಪಕ್ಕ:
ಮೂರೂ ಇಲ್ಲ. 50 ಅಂತ ದೊಡ್ಡದಾಗಿ ಇದೆ, ಒಂದು ಹೂವಿನ ಚಿತ್ರ ಇದೆ.

ತಲೆಹರಟೆ:
ಹೂವು ಬಾಡಿರಬೇಕು.

ಬಿಸಿಲುಕುದುರೆ:
ಬೇಸರ ಮಾಡಿಕೊಳ್ಳಬೇಡಿ, ಇದೆಲ್ಲ ಕ್ರೀಮ್ ಮಾರುವವರ ಕಥೆ ಅನ್ನಿಸುತ್ತದೆ ನನಗೆ. ನಮ್ಮ ಅಜ್ಜ ಜೀವಮಾನವಿಡೀ ಬಿಸಿಲಲ್ಲಿ ದುಡಿದರು, ಏನೂ ಹಚ್ಚಲಿಲ್ಲ. ಕಪ್ಪು ಚರ್ಮಕ್ಕೆ ಏನೂ ಆಗುವುದಿಲ್ಲ ಅಂತಾರೆ. ಮೇಲಾಗಿ ಬಿಸಿಲು ಬೀಳದಿದ್ದರೆ ವಿಟಮಿನ್ ಡಿ ಎಲ್ಲಿಂದ ಬರಬೇಕು? ಆ ಕೆಮಿಕಲ್ ಎಲ್ಲ ರಕ್ತಕ್ಕೆ ಹೋಗುತ್ತದಂತೆ ಬೇರೆ.

ನೆರಳುಬೆಕ್ಕು:
ಕೇಳಬೇಕಾದ ಪ್ರಶ್ನೆಗಳೇ. ಒಂದೊಂದಾಗಿ ಬರುತ್ತೇನೆ.

ಅಜ್ಜನ ಫೋಟೋ ಇದ್ದರೆ ಕತ್ತಿನ ಹಿಂಭಾಗ ನೋಡಿ. ದಪ್ಪ ಚರ್ಮ, ಆಳವಾದ ಅಡ್ಡಡ್ಡ ಗೆರೆಗಳು ಇರುತ್ತವೆ. ಆಮೇಲೆ ಅಂಗಿಯೊಳಗಿನ ಬೆನ್ನು ನೆನಪಿಸಿಕೊಳ್ಳಿ. ಅಜ್ಜ ಗಟ್ಟಿಮುಟ್ಟಾಗಿಯೇ ಇದ್ದಿರಬಹುದು, ಚರ್ಮ ಮಾತ್ರ ಬಿಸಿಲಿನ ಲೆಕ್ಕ ಬರೆದಿಟ್ಟಿರುತ್ತದೆ.

ಕಪ್ಪು ಚರ್ಮಕ್ಕೆ ರಕ್ಷಣೆ ಜಾಸ್ತಿ, ಅದು ನಿಜ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಾನೇ ಒಂದು ಕೊಡೆ. 1979ರ ಒಂದು ಪ್ರಸಿದ್ಧ ಅಳತೆಯಲ್ಲಿ ಕಡು ಕಪ್ಪು ಚರ್ಮದ ಮೇಲ್ಪದರಕ್ಕೆ ತಾನಾಗಿ ಸುಮಾರು 13ರಷ್ಟು ಎಸ್‌ಪಿಎಫ್, ಬಿಳಿ ಚರ್ಮಕ್ಕೆ 3ಕ್ಕಿಂತ ಸ್ವಲ್ಪ ಜಾಸ್ತಿ ಬಂದಿತ್ತು. ಅದಕ್ಕೇ ನಮ್ಮಂಥ ಕಂದು, ಕಪ್ಪು ಬಣ್ಣದವರಿಗೆ ಸುಕ್ಕು ತಡವಾಗಿ ಬರುತ್ತದೆ. ಆದರೆ ಕಲೆ, ಭಂಗು, ಮುಖದಲ್ಲಿ ಎರಡು ಬಣ್ಣ ಕಾಣುವುದು ಬೇಗ ಬರುತ್ತದೆ. ಬಿಸಿಲಿನ ಹೊಡೆತ ಬೇರೆ ರೂಪದಲ್ಲಿ ಕಾಣುತ್ತದೆ, ಅಷ್ಟೇ.

ವಿಟಮಿನ್ ಡಿ ಹುಟ್ಟಬೇಕಾದರೆ ಯುವಿಬಿ ಬೇಕು. ಸನ್‌ಸ್ಕ್ರೀನ್ ಹಚ್ಚಿದರೂ ಜನ ದಿನಬಳಕೆಯಲ್ಲಿ ಸ್ವಲ್ಪವಾದರೂ ಬಿಸಿಲು ಪಡೆಯುತ್ತಾರೆ, ಮಾಮೂಲಿ ಬಳಕೆಯಿಂದ ಡಿ ಕೊರತೆ ಬಂದದ್ದು ಕಡಿಮೆ. ಅನುಮಾನ ಇದ್ದರೆ ರಕ್ತ ಪರೀಕ್ಷೆ, ಮಾತ್ರೆ ಇವೆ. ತಮಾಷೆ ನೋಡಿ, ಕಿಟಕಿಪಕ್ಕ ಅವರಿಗೆ ಹನ್ನೊಂದು ವರ್ಷ ಬಿದ್ದ ಬಿಸಿಲಿನಲ್ಲಿ ಯುವಿಬಿಯನ್ನು ಗಾಜು ತಡೆದಿದೆ. ಡಿ ವಿಟಮಿನ್ ಸೊನ್ನೆ, ಸುಕ್ಕು ಮಾತ್ರ ಪೂರ್ತಿ.

ರಕ್ತಕ್ಕೆ ಹೋಗುವುದು: ಸನ್‌ಸ್ಕ್ರೀನಿನಲ್ಲಿ ಕಿರಣ ತಡೆಯುವ ಕೆಲವು ರಾಸಾಯನಿಕಗಳು ಚರ್ಮದ ಮೂಲಕ ಸ್ವಲ್ಪ ಒಳಗೆ ಹೋಗುತ್ತವೆ ಅಂತ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ ಪರೀಕ್ಷೆ ಮಾಡಿ ಪ್ರಕಟಿಸಿತು. ಒಳಗೆ ಹೋದ ಮಾತ್ರಕ್ಕೆ ಹಾನಿ ಅಂತ ಅಲ್ಲ, ಇನ್ನಷ್ಟು ಮಾಹಿತಿ ಬೇಕು, ಬಳಸುವುದನ್ನು ನಿಲ್ಲಿಸಬೇಡಿ ಅಂತಲೂ ಹೇಳಿತು. ಮನಸ್ಸಿಗೆ ಒಪ್ಪದಿದ್ದರೆ ಜಿಂಕ್ ಇರುವುದು ಹಚ್ಚಿ.

ಮಾರುವವರ ಕಥೆ ಅಂದಿರಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ನಂಬೂರ್ ಅಂತ ಒಂದು ಊರು. ಅಲ್ಲಿ 55ರೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದರು. ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಒಂದು ಗುಂಪಿಗೆ ದಿನಾ ಸನ್‌ಸ್ಕ್ರೀನ್ ಹಚ್ಚಿ ಅಂದರು, ಇನ್ನೊಂದಕ್ಕೆ ನಿಮ್ಮಿಷ್ಟ ಅಂದರು. ಕೈ ಹಿಂಭಾಗದ ಅಚ್ಚು ತೆಗೆದು ಗೆರೆಗಳನ್ನು ಹೋಲಿಸಿದರು. ದಿನಾ ಹಚ್ಚಿದವರಲ್ಲಿ ಚರ್ಮದ ಮುಪ್ಪು 24 ಭಾಗ ಕಡಿಮೆ. 2013ರಲ್ಲಿ ಇದು ಪ್ರಕಟವಾಯಿತು. ಅವರು ಹಚ್ಚಿದ್ದು ಯಾವ ದೊಡ್ಡ ನಂಬರಿನದೂ ಅಲ್ಲ, 15ರ ಆಸುಪಾಸಿನದು.

ಬಿಸಿಲುಕುದುರೆ:
ಅಜ್ಜನ ಕತ್ತು ನೆನಪಿದೆ. ಒಪ್ಪಿದೆ. ಆದರೂ ಎರಡು ಬೆರಳು ನನ್ನಿಂದಾಗದು ಮಾರಾಯ್ರೆ.

ಬಯಲುಕೆಲಸ:
ನಿಮ್ಮಂಥವರಿಗೆ ನಾನು ಹೇಳುತ್ತೇನೆ. ಭೂಮಿ ಅಳತೆ ಕೆಲಸ ನನ್ನದು, ಬೆಳಗ್ಗೆಯಿಂದ ಸಂಜೆ ಬಯಲಲ್ಲೇ. ಬೆವರಿನಲ್ಲಿ ಕ್ರೀಮ್ ಅರ್ಧ ಗಂಟೆಗೆ ಕಣ್ಣಿಗೆ ಇಳಿದು ಉರಿ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ ಅಂತ ಬರೆದಿರುತ್ತಾರೆ, ಮಣ್ಣು ಮೆತ್ತಿದ ಕೈಯಲ್ಲಿ ಯಾರು ಹಚ್ಚುತ್ತಾರೆ? ಆದ್ದರಿಂದ ನಾನು ಬಟ್ಟೆಗೆ ಶರಣಾದೆ. ತುಂಬು ತೋಳಿನ ಸಡಿಲ ಅಂಗಿ, ಕಾಲರ್ ಎತ್ತಿಕೊಳ್ಳುವುದು, ಸುತ್ತ ಅಂಚಿರುವ ಟೋಪಿ. ಅಂಚು ನಾಲ್ಕು ಬೆರಳಗಲವಾದರೂ ಇರಬೇಕು. ಕ್ರಿಕೆಟ್ ಟೋಪಿ ಹಾಕಿದರೆ ಮೂಗು ಉಳಿಯುತ್ತದೆ, ಕಿವಿ, ಕತ್ತು ಸುಡುತ್ತವೆ.

ಬಟ್ಟೆ ಅಂದರೆ ಎಲ್ಲವೂ ಒಂದೇ ಅಲ್ಲ. ತೆಳು ಬಿಳಿ ಕಾಟನ್ ಟೀಶರ್ಟ್ ತಂಪು, ಆದರೆ ತಡೆ ಕಡಿಮೆ. ಒದ್ದೆಯಾದರೆ ಇನ್ನೂ ಕಡಿಮೆ. ಒತ್ತಾಗಿ ನೇಯ್ದದ್ದು, ಗಾಢ ಬಣ್ಣದ್ದು ಚೆನ್ನಾಗಿ ತಡೆಯುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಆಚೆಗಿನ ಬೆರಳು ಕಂಡರೆ ವಾಪಸ್ ಇಡುತ್ತೇನೆ. ಈಗ ಯುಪಿಎಫ್ 50 ಅಂತ ಬರೆದ ಅಂಗಿಗಳೂ ಬರುತ್ತವೆ. ಯುವಿಯಲ್ಲಿ ಐವತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಬಿಡುತ್ತದೆ ಅಂತ ಅರ್ಥ. ಬೆವರಿಗೆ ಕರಗುವುದಿಲ್ಲ, ಮರೆತೂ ಹೋಗುವುದಿಲ್ಲ. ಕ್ರೀಮ್ ಉಳಿದದ್ದು ಮುಖಕ್ಕೆ, ಮುಂಗೈಗೆ ಮಾತ್ರ.

ಹೊತ್ತು ನೋಡಲು ಮೊಬೈಲ್ ಬೇಕಿಲ್ಲ. ನೆರಳು ನನಗಿಂತ ಉದ್ದ ಇದ್ದರೆ ಕೆಲಸ. ಗಿಡ್ಡ ಆಯಿತು ಅಂದರೆ ಬಿಸಿಲು ಜೋರು, ಮರದ ಕೆಳಗೆ ಕೂತು ಕಾಗದ ಪತ್ರದ ಕೆಲಸ ಮಾಡುತ್ತೇನೆ. ಮೋಡ ಇದೆ ಅಂತ ಮೋಸ ಹೋಗಬೇಡಿ. ನಾನು ಜಾಸ್ತಿ ಸುಟ್ಟುಕೊಂಡದ್ದು ತೆಳು ಮೋಡದ ದಿನವೇ. ಸೆಕೆ ಗೊತ್ತಾಗುವುದಿಲ್ಲ, ಟೋಪಿ ತೆಗೆದುಬಿಡುತ್ತೇವೆ.

ನೆರಳುಬೆಕ್ಕು:
ಬಯಲುಕೆಲಸ ಅವರು ಹೇಳಿದ್ದಕ್ಕೆ ಸೇರಿಸುವುದು ಏನೂ ಇಲ್ಲ. ತೆಳು ಮೋಡ ದಾಟಿ 80 ಭಾಗದವರೆಗೂ ಯುವಿ ಬರಬಹುದು. ಹವಾಮಾನದ ಆ್ಯಪ್‌ನಲ್ಲಿ ಯುವಿ ಇಂಡೆಕ್ಸ್ (ಯುವಿ ಎಷ್ಟು ಜೋರು ಅನ್ನುವ ನಂಬರ್) ಅಂತ ಇರುತ್ತದೆ, 3 ಮುಟ್ಟಿದರೆ ಮೈ ಮುಚ್ಚಿಕೊಳ್ಳಿ. ಕಪ್ಪು ಕನ್ನಡಕ ತಗೊಳ್ಳುವವರು ಯುವಿ 400 (ಯುವಿ ತಡೆಯುತ್ತದೆ ಅನ್ನುವ ಗುರುತು) ಇದೆಯಾ ನೋಡಿ. ಬರೀ ಕಪ್ಪು ಗಾಜಾದರೆ ಕಣ್ಣಿನ ಪಾಪೆ ದೊಡ್ಡದಾಗಿ ಇನ್ನೂ ಜಾಸ್ತಿ ಕಿರಣ ಒಳಗೆ ಹೋಗಬಹುದು.

ಸಂಜೆಮಲ್ಲಿಗೆ:
ನನ್ನದು ಸುಕ್ಕಲ್ಲ, ಭಂಗು. ಎರಡನೇ ಬಸುರಿಯಲ್ಲಿ ಎರಡೂ ಕೆನ್ನೆಗೆ ಚಿಟ್ಟೆ ರೆಕ್ಕೆ ಹಾಗೆ ಬಂತು, ಹೋಗಲೇ ಇಲ್ಲ. ಆಗ ಒಂದು ಔಷಧಿ ಅಂಗಡಿಯಲ್ಲಿ ಕೇಳಿದೆ, ಒಂದು ಕ್ರೀಮ್ ಕೊಟ್ಟರು. ಹತ್ತು ದಿನಕ್ಕೆ ಮುಖ ಬೆಳ್ಳಗಾಯಿತು. ಎಲ್ಲರೂ ಏನು ಹಚ್ಚುತ್ತೀಯ ಅಂತ ಕೇಳುವವರೇ. ಆರು ತಿಂಗಳಿಗೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಕೆಂಪು ನರಗಳು ಕಾಣತೊಡಗಿದವು. ಒಂದು ದಿನ ಹಚ್ಚದಿದ್ದರೆ ಉರಿ, ಮೊಡವೆ. ಚರ್ಮದ ಡಾಕ್ಟರ್ ಟ್ಯೂಬ್ ತಿರುಗಿಸಿ ಓದಿದರು. ಅದರಲ್ಲಿ ಸ್ಟೆರಾಯ್ಡ್ ಇತ್ತು. ಬಿಡಿಸಿಕೊಳ್ಳಲು ಒಂದು ವರ್ಷ ಹಿಡಿಯಿತು. ದಯವಿಟ್ಟು ಯಾರೂ ಹೆಸರು ಓದದೆ ಹಚ್ಚಬೇಡಿ.

ಆಮೇಲೆ ಸನ್‌ಸ್ಕ್ರೀನ್ ಸರಿಯಾಗಿಯೇ ಹಚ್ಚಿದರೂ ಭಂಗು ಮರಳಿ ಬರುತ್ತಿತ್ತು. ಡಾಕ್ಟರ್ ಬಣ್ಣ ಇರುವ ಸನ್‌ಸ್ಕ್ರೀನ್‌ಗೆ ಬದಲಾಯಿಸಿದರು, ಐರನ್ ಆಕ್ಸೈಡ್ ಇರುವುದು. ಆಗ ಹತೋಟಿಗೆ ಬಂತು. ಯಾಕೆ ಅಂತ ನನಗೆ ಪೂರ್ತಿ ಅರ್ಥ ಆಗಲಿಲ್ಲ.

ನೆರಳುಬೆಕ್ಕು:
ನಿಮಗಾದದ್ದು ಕೇಳಿ ಬೇಜಾರಾಯಿತು. ತುಂಬ ಜನಕ್ಕೆ ಆಗುತ್ತದೆ ಇದು.

ಐರನ್ ಆಕ್ಸೈಡ್ ಯಾಕೆ ಅಂದರೆ, ನಮ್ಮ ಬಣ್ಣದ ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ, ಅದರಲ್ಲೂ ನೀಲಿ ಭಾಗ, ಕಪ್ಪು ಕಲೆ ಎಬ್ಬಿಸುತ್ತದೆ. ಮಾಮೂಲಿ ಸನ್‌ಸ್ಕ್ರೀನ್ ಪಾರದರ್ಶಕ, ಬೆಳಕು ದಾಟಿಹೋಗುತ್ತದೆ. ಐರನ್ ಆಕ್ಸೈಡ್ ಅಂದರೆ ಮಣ್ಣಿನ ಬಣ್ಣದ ಪುಡಿ, ಅದು ಬೆಳಕನ್ನೂ ತಡೆಯುತ್ತದೆ. ಕಿಟಕಿಪಕ್ಕ ಅವರೇ, ಸುಣ್ಣದ ಗೋಡೆ ಸಮಸ್ಯೆಗೂ ಇದೇ ಮದ್ದು. ಬಣ್ಣ ಇರುವುದರಿಂದ ಬಿಳಿ ಕಾಣುವುದಿಲ್ಲ.

ಕಿಟಕಿಪಕ್ಕ:
ಸಂಜೆಮಲ್ಲಿಗೆ, ನಿಮ್ಮ ಮಾತು ಓದಿ ಮನೆಯಲ್ಲಿದ್ದ ಎರಡು ಟ್ಯೂಬ್ ಹೊರಗೆ ಹಾಕಿದೆ. ಇನ್ನು ಕೊನೆಯ ಪ್ರಶ್ನೆ, ಆಗಿಹೋದದ್ದು ವಾಪಸ್ ಬರುತ್ತದಾ?

ನೆರಳುಬೆಕ್ಕು:
ಸ್ವಲ್ಪ. ದಿನಾ ಬೀಳುತ್ತಿದ್ದ ಏಟು ನಿಂತರೆ ಚರ್ಮ ತನ್ನ ರಿಪೇರಿ ತಾನು ಮಾಡಿಕೊಳ್ಳುತ್ತದೆ. ಚುಕ್ಕೆಗಳು ತಿಳಿಯಾಗುತ್ತವೆ, ಆಳದ ಗೆರೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಹಚ್ಚುವ ಮದ್ದುಗಳಲ್ಲಿ ಹೆಚ್ಚು ಪುರಾವೆ ಇರುವುದು ಟ್ರೆಟಿನಾಯಿನ್‌ಗೆ. ಮೊಡವೆಗೆ ಬಂದ ಔಷಧಿ ಅದು. ಹಚ್ಚಿದವರ ಸುಕ್ಕೂ ಕಡಿಮೆಯಾಗಿದ್ದು ಗಮನಕ್ಕೆ ಬಂದು 1980ರ ದಶಕದಲ್ಲಿ ಅದಕ್ಕೂ ಪರೀಕ್ಷೆ ಮಾಡಿದರು. ಡಾಕ್ಟರ್ ಚೀಟಿ ಬೇಕು. ಅದಕ್ಕಿಂತ ಸೌಮ್ಯವಾದದ್ದು ರೆಟಿನಾಲ್. ರಾತ್ರಿ ಮಾತ್ರ, ಬಟಾಣಿ ಕಾಳಿನಷ್ಟು, ವಾರಕ್ಕೆ ಎರಡು ಸಲದಿಂದ ಶುರು. ಮೊದಲ ವಾರಗಳಲ್ಲಿ ಸಿಪ್ಪೆ ಏಳುತ್ತದೆ, ಹೆದರಬೇಡಿ. ಮೂರರಿಂದ ಆರು ತಿಂಗಳು ತಾಳ್ಮೆ ಬೇಕು. ಬಸುರಿಯರು ಮತ್ತು ಬಸುರಿಯಾಗುವ ಯೋಚನೆ ಇರುವವರು ಇವೆರಡನ್ನೂ ಮುಟ್ಟಲೇಬಾರದು.

ನೋಡಿ, ಇಲ್ಲಿ ಕಡಲೆಕಾಳಿನ ಅಳತೆ ಸರಿ. ಜನ ಉಲ್ಟಾ ಮಾಡುತ್ತಾರೆ, ಸನ್‌ಸ್ಕ್ರೀನ್ ಕಾಳಿನಷ್ಟು, ರೆಟಿನಾಲ್ ಎರಡು ಬೆರಳು.

ಇದಕ್ಕೂ ಮುಂಚೆ ಒಂದು. ಆ ಕಂದು ಚುಕ್ಕೆಗಳನ್ನು ಒಮ್ಮೆ ಡಾಕ್ಟರಿಗೆ ತೋರಿಸಿ. ಯಾವುದಾದರೂ ಮಚ್ಚೆ ಅಂಕುಡೊಂಕಾಗಿ ಬೆಳೆಯುತ್ತಿದ್ದರೆ, ಒಂದರಲ್ಲೇ ಎರಡು ಮೂರು ಬಣ್ಣ ಇದ್ದರೆ, ರಕ್ತ ಬಂದರೆ, ವಾಸಿಯಾಗದ ಗಾಯವಾದರೆ ಕಾಯಬೇಡಿ. ಇನ್ನು ಬೇರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಬಿಸಿಲಿಗೆ ಆಗುತ್ತದಾ ಅಂತ ಕೇಳಿ. ಡಾಕ್ಸಿಸೈಕ್ಲಿನ್ ಥರದ ಆ್ಯಂಟಿಬಯೋಟಿಕ್ ತಗೊಂಡಾಗ ಸ್ವಲ್ಪ ಬಿಸಿಲಿಗೇ ಚರ್ಮ ಸುಡುತ್ತದೆ.

ಹೊಸಅಮ್ಮ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾಲ್ಕು ತಿಂಗಳ ಕೂಸಿಗೆ ಹಚ್ಚಬಹುದಾ?

ನೆರಳುಬೆಕ್ಕು:
ಆರು ತಿಂಗಳೊಳಗಿನ ಕೂಸಿಗೆ ಬೇಡಮ್ಮ. ನೆರಳು, ತೆಳು ಬಟ್ಟೆ, ಟೋಪಿ ಸಾಕು.

ಕಿಟಕಿಪಕ್ಕ (ಮೂರು ತಿಂಗಳ ನಂತರ):
ಮರೆತಿರಬಹುದು ನೀವು, ನಾನು ಮರೆತಿಲ್ಲ. ಡಾಕ್ಟರಿಗೆ ತೋರಿಸಿದೆ, ಚುಕ್ಕೆಗಳು ಬರೀ ಬಿಸಿಲಿನವು, ಭಯವಿಲ್ಲ ಅಂದರು. ಬಣ್ಣದ ಸನ್‌ಸ್ಕ್ರೀನ್, ನಾಲ್ಕು ಪ್ಲಸ್. ಮೊದಲ ಟ್ಯೂಬ್ 38 ದಿನಕ್ಕೆ ಮುಗಿಯಿತು. ಈಗ ಮೂರನೆಯದು ನಡೆಯುತ್ತಿದೆ. ಕಿಟಕಿಗೆ ಯುವಿ ತಡೆಯುವ ಫಿಲ್ಮ್ ಅಂಟಿಸಿ ಅಂತ ಎರಡು ಸಲ ಬರೆದುಕೊಟ್ಟೆ, ಉತ್ತರ ಬರಲಿಲ್ಲ. ನಾನೇ ಪರದೆ ಎಳೆದುಕೊಳ್ಳುತ್ತೇನೆ. ಹಿಂದಿನ ಸಾಲಿನವರು ಕತ್ತಲೆ ಅಂತ ಗೊಣಗುತ್ತಾರೆ, ಗೊಣಗಲಿ.

ರೆಟಿನಾಲ್ ಆರನೇ ವಾರಕ್ಕೆ ಒಗ್ಗಿತು. ಅದಕ್ಕೂ ಮುಂಚೆ ಮೂಗಿನ ಪಕ್ಕ ಹಾವಿನ ಪೊರೆ ಹಾಗೆ ಎದ್ದಿತ್ತು. ಚುಕ್ಕೆಗಳು ಸ್ವಲ್ಪ ಮಾಸಿವೆ. ಗೆರೆಗಳು ಇದ್ದಲ್ಲೇ ಇವೆ. ಮುಖ, ಕುತ್ತಿಗೆ, ಮುಂಗೈ ಎಲ್ಲ ಲೆಕ್ಕ ಹಾಕಿಯೇ ಹಚ್ಚುತ್ತಿದ್ದೇನೆ ಮೇಷ್ಟ್ರೇ.

ಲೆಕ್ಕದಮೇಷ್ಟ್ರು:
38 ದಿನ! ನನ್ನ ಲೆಕ್ಕದಲ್ಲಿ 41 ಇತ್ತು. ಮುಂಗೈಯದು ಸೇರಿರಬೇಕು. ಪಾಸು.

ಬಯಲುಕೆಲಸ:
ಕಿವಿಗೆ ಹಚ್ಚಿದಿರಾ ಅಕ್ಕ?

ಕಿಟಕಿಪಕ್ಕ:
ಅಯ್ಯೋ. ಇಲ್ಲ.